ದೆವ್ವದ ಚಿತ್ರ ಗೆದ್ದಿತು ಎಂದಮಾತ್ರಕ್ಕೆ ಎರಡನೆಯ ಭಾಗ ಬೇಕೆ?

ಘಟಪ್ರಭಾ ದಂಡೆ, ಮುಧೋಳ (ಪ್ರಶ್ನೆ)

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಮುಧೋಳ ಮತ್ತು ಮಹಾಲಿಂಗಪುರದ ನಾವು ಕೆಲವರು ಸೇರಿ ಕಳೆದ ಕಬ್ಬಿನ ಹಂಗಾಮಿನಲ್ಲಿ ಸುಮಾರು 40 ನಿಮಿಷಗಳ ದೆವ್ವದ ಚಿತ್ರವೊಂದನ್ನು ಮಾಡಿ ಯೂಟ್ಯೂಬಿಗೆ ಹಾಕಿದ್ದೆವು. ನಾವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಜನ ಅದನ್ನು ನೋಡಿದರು. ಊರ ಜಾತ್ರೆಯಲ್ಲಿ ಪರದೆ ಕಟ್ಟಿ ತೋರಿಸಿದಾಗಲಂತೂ ಕುಳಿತುಕೊಳ್ಳಲು ಜಾಗವಿರಲಿಲ್ಲ. ಅಂದಿನಿಂದ ಚಹಾದಂಗಡಿಯಲ್ಲಿ, ಲಗ್ನದ ಊಟದ ಪಂಕ್ತಿಯಲ್ಲಿ, ಬೆಲ್ಲದ ಪೇಟೆಯಲ್ಲಿ, ಎಲ್ಲಿ ಸಿಕ್ಕರೂ ಜನ ಕೇಳುವುದು ಒಂದೇ ಮಾತು: "ಎರಡನೇ ಪಾರ್ಟ್ ಯಾವಾಗ್ರೀ?"

ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಬ್ಬು ಕಡಿಯಲು ಹೊರಗಿನಿಂದ ಬಂದ ಗ್ಯಾಂಗಿನ ಹೆಣ್ಣುಮಗಳೊಬ್ಬಳು ಹಂಗಾಮಿನ ನಡುವೆ ಟ್ರ್ಯಾಕ್ಟರಿನ ಟ್ರೇಲರ್ ಅಡಿಗೆ ಸಿಕ್ಕು ಸಾಯುತ್ತಾಳೆ. ಗ್ಯಾಂಗಿನ ಮುಕಾದಮ ತನ್ನ ವಹಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದು, ಅವಳು ದುಡಿದ ದಿನಗಳ ಕೂಲಿಯನ್ನು ನುಂಗಿ ಹಾಕುತ್ತಾನೆ. ಆ ಬಳಿಕ ಗಾಣದಮನೆಯಲ್ಲಿ ರಾತ್ರಿ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ, ಒಲೆಯ ಬೆಳಕು ಎಲ್ಲಿಗೆ ಮುಗಿಯುತ್ತದೆಯೋ ಅಲ್ಲಿ ಒಬ್ಬಳು ಬಂದು ನಿಲ್ಲತೊಡಗುತ್ತಾಳೆ. "ನನ್ನ ಲೆಕ್ಕಾ ಮುಗಸ್ರೀ" ಎನ್ನುವುದರ ಹೊರತು ಅವಳ ಬಾಯಲ್ಲಿ ಬೇರೆ ಮಾತಿಲ್ಲ. ಕೊನೆಗೆ ಮುಕಾದಮ ಎಲ್ಲರೆದುರಿಗೆ ಅವಳ ಮಗಳ ಕೈಗೆ ಹಣ ಎಣಿಸಿ ಕೊಡುತ್ತಾನೆ, ರವದಿಯ (ಕಬ್ಬಿನ ಒಣ ಎಲೆಯ) ಹೊಗೆಯಲ್ಲಿ ಅವಳ ಮುಖ ಮೊದಲ ಸಲ ಕಾಣುತ್ತದೆ, ಚಿತ್ರ ಮುಗಿಯುತ್ತದೆ.

ಈಗ ಒಬ್ಬ ವ್ಯಾಪಾರಸ್ಥರು ಎರಡನೆಯ ಭಾಗಕ್ಕೆ ಹಣ ಹಾಕಲು ಮುಂದೆ ಬಂದಿದ್ದಾರೆ. ಅವರ ಷರತ್ತು ಇಷ್ಟೇ: ಹೆಸರು ಅದೇ ಇದ್ದು ಪಕ್ಕದಲ್ಲಿ 2 ಎಂದಿರಬೇಕು, ದೆವ್ವವೂ ಅದೇ ಇರಬೇಕು. ನಮ್ಮ ತಂಡದಲ್ಲಿ ಅರ್ಧ ಜನ ಕೂಡಲೇ ಒಪ್ಪಿಕೊಳ್ಳೋಣ ಎನ್ನುತ್ತಾರೆ. ಲೆಕ್ಕ ಮುಗಿದು ಹೋದವಳನ್ನು ಮತ್ತೆ ಯಾವ ಮುಖದಿಂದ ಕರೆಯುವುದು ಎಂಬುದು ಉಳಿದ ಅರ್ಧದವರ ಮಾತು. ದೆವ್ವವಾಗಿ ನಟಿಸಿದ ನಮ್ಮ ಗೆಳತಿ ಈಗ ಸೊಲ್ಲಾಪುರದಲ್ಲಿ ನೌಕರಿಯಲ್ಲಿದ್ದು, ರಜೆ ಸಿಗುವುದು ಕಷ್ಟ ಎಂದಿದ್ದಾಳೆ ಎನ್ನುವುದೂ ಒಂದು ತೊಡಕು. ದೊಡ್ಡ ಚಿತ್ರಗಳ ವಿಷಯದಲ್ಲಿ ಏನಾಗಿದೆ, ದೆವ್ವದ ಕಥೆಗೆ ನಿಜವಾಗಿಯೂ ಮುಂದಿನ ಭಾಗ ಬೇಕಾಗುತ್ತದೆಯೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಟಿಳಕವಾಡಿ ಪ್ರೇಕ್ಷಕ, ಬೆಳಗಾವಿ

ಬೆಳಗಾವಿಯಲ್ಲಿರುವ ನಮಗೆ ಕನ್ನಡ, ಮರಾಠಿ, ಹಿಂದಿ ಮೂರೂ ಭಾಷೆಯ ದೆವ್ವಗಳ ಪರಿಚಯವಿರುವುದರಿಂದ, ನಿಮ್ಮವರು ಬಹುಶಃ ಗಮನಿಸದ ಒಂದು ಉದಾಹರಣೆಯಿಂದ ಪ್ರಾರಂಭಿಸುತ್ತೇನೆ. ಮಹೇಶ ಕೊಠಾರೆಯವರ ಮರಾಠಿ ಚಿತ್ರ 'ಝಪಾಟಲೇಲಾ' 1993ರಲ್ಲಿ ಬಂದಿತು. ತಾತ್ಯಾ ವಿಂಚೂ ಎಂಬ ಗೂಂಡಾನ ಆತ್ಮ ಒಂದು ಗೊಂಬೆಯೊಳಗೆ ಸೇರಿಕೊಳ್ಳುತ್ತದೆ. ಆ ಗೊಂಬೆಯನ್ನು ಆಡಿಸಿದವರು ಹೆಸರಾಂತ ಗೊಂಬೆಯಾಟಗಾರ ರಾಮದಾಸ ಪಾಧ್ಯೆಯವರು. ಇದರ ಎರಡನೆಯ ಭಾಗ 20 ವರ್ಷಗಳ ಬಳಿಕ, 2013ರಲ್ಲಿ, ತ್ರೀ-ಡಿ ತಂತ್ರದೊಂದಿಗೆ ಬಂದಿತು. ಅಷ್ಟರಲ್ಲಿ ಮೊದಲನೆಯ ಚಿತ್ರದ ಜೀವವೇ ಆಗಿದ್ದ ಲಕ್ಷ್ಮೀಕಾಂತ ಬೇರ್ಡೆಯವರು ತೀರಿಕೊಂಡಿದ್ದರು. ಎರಡನೆಯದರಲ್ಲಿ ಅವರ ಪಾತ್ರದ ಮಗನನ್ನು ನಾಯಕನಾಗಿ ತರಲಾಯಿತು. ಗೊಂಬೆ ಅದೇ, ಅದರ ಕಣ್ಣು ತಿರುಗುವ ರೀತಿಯೂ ಅದೇ. ಆದರೆ ಬೇರ್ಡೆಯವರು ಗೊಂಬೆಯನ್ನು ಕಂಡು ಬೆವರುತ್ತಿದ್ದ ಬಗೆಯಲ್ಲಿ, ಬೇರೆಯವರಿಗೆ ಹೇಳಲು ಹೋಗಿ ನಾಲಗೆ ತೊದಲುತ್ತಿದ್ದ ಬಗೆಯಲ್ಲಿ ನಮಗೆ ಅರ್ಧ ನಗು, ಅರ್ಧ ಅಂಜಿಕೆ ಹುಟ್ಟುತ್ತಿತ್ತಲ್ಲ, ಅದನ್ನು ತ್ರೀ-ಡಿ ಕನ್ನಡಕ ತಂದುಕೊಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ದೆವ್ವದ ಚಿತ್ರದಲ್ಲಿ ಅಂಜಿಕೆ ಇರುವುದು ಹೆದರಿಸುವವರ ಮುಖದಲ್ಲಿ ಅಲ್ಲ, ಹೆದರುವವರ ಮುಖದಲ್ಲಿ. ಆದ್ದರಿಂದ ನಿಮ್ಮ ಗೆಳತಿಗೆ ರಜೆ ಸಿಗದಿರುವುದಕ್ಕಿಂತ, ಮುಕಾದಮನಾಗಿ ನಟಿಸಿದವರು ಇದ್ದಾರೆಯೋ ಇಲ್ಲವೋ ಎಂಬುದೇ ದೊಡ್ಡ ಪ್ರಶ್ನೆ.

ಇನ್ನೊಂದು ಸಂಗತಿ ಜಪಾನಿನದು. 'ರಿಂಗು' ಎಂಬ ಪ್ರಸಿದ್ಧ ಚಿತ್ರ 1998ರಲ್ಲಿ ಬಿಡುಗಡೆಯಾದಾಗ, ಅದರ ಮುಂದುವರಿದ ಭಾಗವಾದ 'ರಾಸೆನ್' ಕೂಡ ಅದರ ಜೊತೆಯಲ್ಲಿಯೇ ಬಿಡುಗಡೆಯಾಗಿತ್ತು. ಮೊದಲನೆಯದನ್ನು ಜನ ತಲೆಯ ಮೇಲೆ ಹೊತ್ತುಕೊಂಡರು, ಎರಡನೆಯದನ್ನು ಕಣ್ಣೆತ್ತಿಯೂ ನೋಡಲಿಲ್ಲ. ವಿಡಿಯೋ ಕ್ಯಾಸೆಟ್ ನೋಡಿದವರನ್ನು ಕೊಲ್ಲುವ ಶಾಪದ ಹಿಂದಿನ ಕಾರಣವನ್ನು ವಿಜ್ಞಾನದ ಮಾತಿನಲ್ಲಿ ಬಿಡಿಸಿ ಹೇಳಲು ಹೊರಟದ್ದು ಅದರ ಹೊರೆಯಾಯಿತು ಎಂದು ನನಗೆ ತೋರುತ್ತದೆ. ಮರುವರ್ಷ ನಿರ್ಮಾಪಕರು 'ರಾಸೆನ್' ಬಂದೇ ಇಲ್ಲವೆಂಬಂತೆ ಅದನ್ನು ಬದಿಗಿಟ್ಟು 'ರಿಂಗು 2' ತೆಗೆದರು. ಒಂದೇ ಕಥೆಗೆ ಎರಡೆರಡು 'ಎರಡನೆಯ ಭಾಗ' ಹುಟ್ಟಿಕೊಂಡ ಇಂಥ ಪ್ರಸಂಗ ಬೇರೆ ಎಲ್ಲಿಯಾದರೂ ಇದ್ದರೆ ತಿಳಿದವರು ಹೇಳಿ.

ಹಳೆಯ ಆಪರೇಟರ್, ವಿಜಯಪುರ

ಮುಧೋಳದ ತಮ್ಮಂದಿರಿಗೆ, ನಾನು ಬಹಳ ವರ್ಷ ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಯಲ್ಲಿ ದುಡಿದವನು. ಆಪರೇಟರನಿಗೆ ಒಂದು ಅನುಕೂಲವಿದೆ: ನಾಲ್ಕನೆಯ ಆಟದ ಹೊತ್ತಿಗೆ ಚಿತ್ರ ಬೇಸರವಾಗಿರುತ್ತದೆ, ಆಮೇಲೆ ಅವನು ಕಿಂಡಿಯಿಂದ ಜನರನ್ನು ನೋಡುತ್ತ ಕುಳಿತಿರುತ್ತಾನೆ. ಆ ಕಿಂಡಿಯಿಂದ ಕಂಡದ್ದನ್ನು ಹೇಳುತ್ತೇನೆ.

2004ರಲ್ಲಿ 'ಆಪ್ತಮಿತ್ರ' ಬಂದಾಗ ನಮ್ಮ ಊರು ಇನ್ನೂ ಬಿಜಾಪುರವೇ ಆಗಿತ್ತು. ಮೊದಲ ವಾರ ಜನ ಆ ಚಿತ್ರದ ದೆವ್ವವೆನಿಸಿದ ನಾಗವಲ್ಲಿಯ ನೃತ್ಯ ಪ್ರಾರಂಭವಾದೊಡನೆ ಉಸಿರು ಬಿಗಿಹಿಡಿದು ಕುಳಿತರು. ಗಾಂಧಿ ಕ್ಲಾಸಿನಲ್ಲಿ ಬೀಡಿ ಸೇದುವವರು ಕೂಡ ಬೀಡಿಯನ್ನು ಮರೆತರು. ಮೂರು ನಾಲ್ಕನೆಯ ವಾರಕ್ಕೆ ಅದೇ ಮುಖಗಳು ಮತ್ತೆ ಬರತೊಡಗಿದವು, ಆದರೆ ಈ ಸಲ ಹೆಂಡತಿ ಮಕ್ಕಳನ್ನು, ಊರಿನಿಂದ ಬಂದ ಬೀಗರನ್ನು ಕರೆದುಕೊಂಡು. ಆ ದೃಶ್ಯ ಬರುವ ಮುಂಚೆಯೇ ಪಕ್ಕದವರ ಭುಜ ತಟ್ಟಿ "ಈಗ ನೋಡ್ರಿ, ಈಗ ಬರತಾಳ" ಎಂದು ಹೇಳಿ, ಪರದೆಯನ್ನು ಬಿಟ್ಟು ಪಕ್ಕದವರ ಮುಖವನ್ನೇ ನೋಡುತ್ತಿದ್ದರು. ತಾವು ಹೆದರಿದ್ದನ್ನು ಇನ್ನೊಬ್ಬರಿಗೆ ಉಣಬಡಿಸುವ ಸಂತೋಷ ಅದು. ಸೆಕೆಂಡ್ ಶೋ ಮುಗಿಸಿ ಹಳ್ಳಿಗೆ ಹೊರಡುವವರು ಟಂಟಂ ತುಂಬುವವರೆಗೂ ಗುಂಪು ಬಿಟ್ಟು ಕದಲುತ್ತಿರಲಿಲ್ಲ ಎಂಬುದನ್ನೂ ಸೇರಿಸಿ ಹೇಳುತ್ತೇನೆ, ಏಕೆಂದರೆ ಆ ಗುಂಪಿನಲ್ಲಿ ನಿಂತು ಹರಟುವಾಗಲೇ "ಇದರ ಮುಂದಿನ ಭಾಗ ಬರಬೇಕ್ರೀ" ಎಂಬ ಮಾತು ಮೊದಲು ನನ್ನ ಕಿವಿಗೆ ಬಿದ್ದದ್ದು. ಆ ಮಾತನ್ನು ಹಂಚಿಕೆದಾರರು ಒಂದು ಬಗೆಯಾಗಿ ಅರ್ಥ ಮಾಡಿಕೊಂಡರು, ನಾನು ಇನ್ನೊಂದು ಬಗೆಯಾಗಿ. ಆ ಜನರಿಗೆ ಬೇಕಾಗಿದ್ದುದು ಹೊಸ ಕಥೆಯಲ್ಲ. ಅದೇ ಅಂಜಿಕೆಯನ್ನು ಮೊದಲ ಸಲ ಎಂಬಂತೆ ಇನ್ನೊಮ್ಮೆ ಅನುಭವಿಸಬೇಕಾಗಿತ್ತು. ಇದು ಯಾವ ನಿರ್ದೇಶಕನಿಗೂ ಕೊಡಲಾಗದ ವಸ್ತು.

ಎರಡನೆಯ ಭಾಗವಾದ 'ಆಪ್ತರಕ್ಷಕ' ಗೆದ್ದಿತಲ್ಲ ಎಂದು ನೀವು ಕೇಳಬಹುದು. ಗೆದ್ದಿತು, ನಿಜ. ಆದರೆ ಹೇಗೆ ಗೆದ್ದಿತು ಎಂಬುದನ್ನು ನೆನಪಿಸಿಕೊಳ್ಳಿ. ಮೊದಲನೆಯ ಚಿತ್ರ ಬಿಡುಗಡೆಯಾಗುವ ಮುನ್ನವೇ, 2004ರ ಏಪ್ರಿಲ್ 17ರಂದು, ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಹೀಗಾಗಿ ಅವರು ನಟಿಸಿದ್ದ, ನಾಗವಲ್ಲಿ ಮೈಮೇಲೆ ಬಂದ ಗಂಗೆಯನ್ನು ಮತ್ತೆ ತರುವ ದಾರಿಯೇ ಇರಲಿಲ್ಲ. ಪಿ. ವಾಸು ಅವರು ನಾಗವಲ್ಲಿಯ ಚಿತ್ರಪಟವನ್ನು ಬೇರೊಂದು ಮನೆಗೆ ಕಳಿಸಿ, ವಿಷ್ಣುವರ್ಧನ್ ಅವರ ವೈದ್ಯರನ್ನೂ ಅವಿನಾಶ್ ಅವರ ಆಚಾರ್ಯರನ್ನೂ ಅದರ ಬೆನ್ನು ಹತ್ತಿಸಿ ಕಥೆ ಕಟ್ಟಿದರು. ಆ ಚಿತ್ರ ತೆರೆಗೆ ಬಂದದ್ದು 2010ರ ಫೆಬ್ರವರಿಯಲ್ಲಿ, ವಿಷ್ಣುವರ್ಧನ್ ಅವರು 2009ರ ಡಿಸೆಂಬರ್ 30ರಂದು ಕಣ್ಣು ಮುಚ್ಚಿದ ಬಳಿಕ. ಅದು ಅವರ 200ನೆಯ ಚಿತ್ರವಾಗಿತ್ತು. ಜನ ಹಾರ ಹಿಡಿದುಕೊಂಡು ಬಂದರು, ಕಟೌಟಿನ ಮುಂದೆ ತೆಂಗಿನಕಾಯಿ ಒಡೆದರು, ಒಳಗೆ ಅವರು ತೆರೆಯ ಮೇಲೆ ಮೊದಲು ಕಾಣಿಸಿಕೊಂಡಾಗ ಎದ್ದು ನಿಂತು ಅತ್ತವರನ್ನೂ ಕಂಡಿದ್ದೇನೆ. ಅಂದು ಆ ಮಂದಿರದಲ್ಲಿ ದೆವ್ವವನ್ನು ನೋಡಲು ಬಂದವರು ಎಷ್ಟು ಜನರಿದ್ದರು ಎಂದು ನನಗೆ ಅನುಮಾನ. ಆದ್ದರಿಂದ 'ಆಪ್ತರಕ್ಷಕ' ಗೆದ್ದದ್ದನ್ನು ದೆವ್ವದ ಕಥೆಗೆ ಎರಡನೆಯ ಭಾಗ ಬೇಕು ಎಂಬುದಕ್ಕೆ ಸಾಕ್ಷಿಯಾಗಿ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 'ಆಪ್ತಮಿತ್ರ'ದ ಕಥೆಯದೇ ತಮಿಳು ಅವತರಣಿಕೆ 'ಚಂದ್ರಮುಖಿ' 2005ರಲ್ಲಿ ರಜನೀಕಾಂತ್ ಅವರಿಂದ ದೊಡ್ಡ ಹೆಸರು ಗಳಿಸಿತು. 2023ರಲ್ಲಿ ಅದೇ ವಾಸು ಅವರು ರಾಘವ ಲಾರೆನ್ಸ್ ಮತ್ತು ಕಂಗನಾ ರಣಾವತ್ ಅವರನ್ನಿಟ್ಟುಕೊಂಡು ತೆಗೆದ ಎರಡನೆಯ ಭಾಗ ಆ ಎತ್ತರದ ಹತ್ತಿರಕ್ಕೂ ಹೋಗಲಿಲ್ಲ.

ಹಣದ ಮಾತು ಬೇರೆ. ಹೆಸರಿನ ಪಕ್ಕದಲ್ಲಿ 2 ಎಂದಿದ್ದರೆ ಶುಕ್ರವಾರದಿಂದ ಭಾನುವಾರದವರೆಗೆ ಮಂದಿರ ತುಂಬುತ್ತದೆ, ಪೋಸ್ಟರಿನ ಖರ್ಚು ಕಡಿಮೆಯಾಗುತ್ತದೆ, ಮಂದಿರದವರೂ ಬೇಗ ಒಪ್ಪುತ್ತಾರೆ. ಸೋಮವಾರದ ಮ್ಯಾಟಿನಿಗೆ ಯಾರು ಬರುತ್ತಾರೆ ಎಂಬುದನ್ನು ಮಾತ್ರ ಆ 2 ನಿರ್ಧರಿಸುವುದಿಲ್ಲ. ನಿಮ್ಮ ವ್ಯಾಪಾರಸ್ಥರು ನೋಡುತ್ತಿರುವುದು ಭಾನುವಾರದವರೆಗಿನ ಲೆಕ್ಕವನ್ನು.

ಮಲಪ್ರಭಾ, ಬಾದಾಮಿ

ಆಪರೇಟರ್ ಕಾಕಾ ಅವರು ಹೇಳಿದ ಕಿಂಡಿಯ ನೋಟ ಬಹಳ ಸರಿಯಾಗಿದೆ. ನಮ್ಮ ಬನಶಂಕರಿ ಜಾತ್ರೆಯಲ್ಲಿ ತಿಂಗಳುಗಟ್ಟಲೆ ಬೀಡುಬಿಡುವ ನಾಟಕ ಕಂಪನಿಗಳ ಮುಂದೆ ನಿಂತರೂ ಇದೇ ಕಾಣುತ್ತದೆ: ಮಾತು ಮಾತೂ ಬಾಯಿಪಾಠವಾಗಿರುವವರೇ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಬೈಲಹೊಂಗಲ ಸೀಮೆಯ 'ಸಂಗ್ಯಾ ಬಾಳ್ಯಾ' ಸಣ್ಣಾಟವು ಸಂಗ್ಯಾನ ಕೊಲೆಯೊಂದಿಗೆ ಮುಗಿಯುತ್ತದೆ. ಅವನು ಮೋಹಿಸಿದ ಗಂಗಿ ಮುಂದೆ ಏನಾದಳು ಎಂದು ಕೇಳಿ ಯಾರೂ ಎರಡನೆಯ ಆಟ ಕಟ್ಟಿಸಿದ್ದನ್ನು ನಾನು ಕಂಡಿಲ್ಲ, ಮುಂದಿನ ವರ್ಷ ಮತ್ತೆ ಅದೇ ಆಟವನ್ನು ಆಡಿಸುತ್ತಾರೆ.

ಆದರೆ ಟಿಳಕವಾಡಿಯವರೂ ಕಾಕಾ ಅವರೂ ಒಂದು ಮುಖ್ಯ ಅಂಶವನ್ನು ಬಿಟ್ಟಿದ್ದಾರೆ ಎಂದು ನನಗೆ ಅನಿಸುತ್ತದೆ. 'ಆಪ್ತಮಿತ್ರ'ದ ಮೂಲವಾದ ಮಲಯಾಳದ 'ಮಣಿಚಿತ್ರತಾಳ್' 1993ರಲ್ಲಿ ಫಾಜಿಲ್ ಅವರ ನಿರ್ದೇಶನದಲ್ಲಿ ಬಂದಾಗ ಅದರ ಹಿರಿಮೆ ಇದ್ದದ್ದು ಅದರಲ್ಲಿ ದೆವ್ವವೇ ಇಲ್ಲ ಎಂಬಲ್ಲಿ. ಒಬ್ಬ ಹೆಣ್ಣುಮಗಳ ಮನಸ್ಸು, ಸತ್ತುಹೋದ ಇನ್ನೊಬ್ಬ ಹೆಣ್ಣುಮಗಳ ಅನ್ಯಾಯವನ್ನು ತನ್ನದೆಂದು ಹೊತ್ತುಕೊಳ್ಳುತ್ತದೆ. ಮಾಂತ್ರಿಕ ಮತ್ತು ಮನೋವೈದ್ಯ ಇಬ್ಬರೂ ಸೇರಿ ಅವಳನ್ನು ಆ ಭಾರದಿಂದ ಬಿಡಿಸುತ್ತಾರೆ. ಗಂಗೆ ಗುಣಮುಖಳಾದ ಕ್ಷಣಕ್ಕೆ ನಾಗವಲ್ಲಿ ಇರುವುದಿಲ್ಲ, ಏಕೆಂದರೆ ಅವಳು ಇದ್ದದ್ದು ಗಂಗೆಯ ಒಳಗೆ ಮಾತ್ರ. ಇಂಥ ಕಥೆಯ ಎರಡನೆಯ ಭಾಗ ಬರೆಯಲು ಕುಳಿತವರಿಗೆ ಉಳಿಯುವುದು ಒಂದೇ ದಾರಿ: ಮೊದಲು ಇಲ್ಲವೆಂದ ದೆವ್ವವನ್ನು ಈಗ ಇದೆ ಎನ್ನುವುದು. ಹಿಂದಿಯಲ್ಲಿ ಹಾಗೆಯೇ ಆಯಿತು. ಅದೇ ಕಥೆಯನ್ನು ಪ್ರಿಯದರ್ಶನ್ ಅವರು ತೆಗೆದ 2007ರ 'ಭೂಲ್ ಭುಲಯ್ಯಾ'ದಲ್ಲಿ ನಾಗವಲ್ಲಿಯ ಜಾಗದಲ್ಲಿದ್ದ ಮಂಜುಲಿಕಾ ಮನಸ್ಸಿನ ಬೇನೆಯಾಗಿದ್ದಳು. 2022ರಲ್ಲಿ ಅನೀಸ್ ಬಜ್ಮಿ ಅವರು ತೆಗೆದ ಎರಡನೆಯ ಚಿತ್ರದಲ್ಲಿ ಅವಳು ಕೋಣೆಯಲ್ಲಿ ಕೂಡಿಹಾಕಬಹುದಾದ ನಿಜವಾದ ದೆವ್ವವಾದಳು. ಆ ಚಿತ್ರವೂ ಚೆನ್ನಾಗಿ ಓಡಿತು, 2024ರಲ್ಲಿ ಮೂರನೆಯದೂ ಬಂದಿತು. ಗಲ್ಲಾಪೆಟ್ಟಿಗೆ ತುಂಬಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡನೆಯದನ್ನು ನೋಡಿದ ಮೇಲೆ ಮೊದಲನೆಯದನ್ನು ಮತ್ತೆ ನೋಡಿದವರಿಗೆ ಆ ವೈದ್ಯನ ಮಾತು ಟೊಳ್ಳಾಗಿ ಕೇಳಿಸುತ್ತದೆ. ಮುಂದಿನ ಭಾಗವು ಸೋತರೆ ತನಗಷ್ಟೇ ಕೇಡು, ಗೆದ್ದರೆ ಕೆಲವೊಮ್ಮೆ ಹಿಂದಿನದಕ್ಕೂ ಕೇಡು ಎಂಬುದನ್ನು ನೀವು ಗಮನದಲ್ಲಿಡಬೇಕು.

ಹಾಗೆಂದು ಎಲ್ಲ ಎರಡನೆಯ ಭಾಗಗಳೂ ಬೇಡವಾಗಿದ್ದವು ಎನ್ನಲಾರೆ. ಕರ್ನಾಟಕದಲ್ಲಿ 1990ರ ದಶಕದಲ್ಲಿ ರಾತ್ರಿ ಬರುವ ದೆವ್ವ ಮರಳಿ ಹೋಗಲೆಂದು ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದ ರೂಢಿ ಹಿರಿಯರಿಗೆ ನೆನಪಿರಬಹುದು. ಹಿಂದಿಯ 'ಸ್ತ್ರೀ' ಆ ಎಳೆಯನ್ನು ಚಂದೇರಿ ಎಂಬ ಊರಿಗೆ ಒಯ್ದು 2018ರಲ್ಲಿ ಚಿತ್ರವಾಯಿತು. ಆರು ವರ್ಷಗಳ ಬಳಿಕ ಬಂದ ಅದರ ಎರಡನೆಯ ಭಾಗ ನನಗೆ ಒಪ್ಪಿಗೆಯಾಗಲು ಕಾರಣವಿದೆ. ಮೊದಲನೆಯದರಲ್ಲಿ ಗಂಡಸರನ್ನು ಎಳೆದೊಯ್ಯುತ್ತಿದ್ದವಳನ್ನು ಮತ್ತೆ ಅದೇ ಕೆಲಸಕ್ಕೆ ಹಚ್ಚದೆ, ಓದಿದ, ತಮ್ಮ ಇಷ್ಟದಂತೆ ಬದುಕುವ ಹೆಣ್ಣುಮಕ್ಕಳನ್ನು ಹೊತ್ತೊಯ್ಯುವ ರುಂಡವಿಲ್ಲದ ಭೂತವೊಂದನ್ನು ಎದುರಿಗೆ ತಂದರು. ಊರಿನಲ್ಲಿ ಹೊಸದೊಂದು ಅನ್ಯಾಯ ಹುಟ್ಟಿತ್ತು. ಅದನ್ನು ತಡೆಯಲು ಹಳೆಯವಳ ಅಗತ್ಯ ಬಿದ್ದಿತು. ರಾಘವ ಲಾರೆನ್ಸ್ ಅವರ 'ಕಾಂಚನಾ' ಸರಣಿಯದು ಇನ್ನೂ ಸರಳವಾದ ಉಪಾಯ: ಹೆದರುಪುಕ್ಕಲ ನಾಯಕ ಮಾತ್ರ ಉಳಿಯುತ್ತಾನೆ, ಪ್ರತಿ ಸಲವೂ ದೆವ್ವ ಬೇರೆ, ಅದರ ದೂರು ಬೇರೆ. ಕನ್ನಡದಲ್ಲಿ ಉಪೇಂದ್ರ ಅವರ 'ಕಲ್ಪನಾ' 2012ರಲ್ಲಿ ಬಂದಾಗ ಜಮೀನಿಗಾಗಿ ಕೊಲೆಯಾದ ಮಂಗಳಮುಖಿಯಾಗಿ ಸಾಯಿಕುಮಾರ್ ಅವರು ನಟಿಸಿದ್ದನ್ನು ಮರೆಯುವಂತಿಲ್ಲ. ಆ ದೂರಿಗೆ ಬಲವಿತ್ತು. 2016ರ ಎರಡನೆಯ ಭಾಗದ ದೆವ್ವದ ದೂರು ಏನಾಗಿತ್ತೆಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದರೆ ಅರ್ಧ ಜನ ತಡವರಿಸುತ್ತಾರೆ.

ಈಗ ನಿಮ್ಮ ಚಿತ್ರಕ್ಕೆ ಬರುತ್ತೇನೆ. ಅದನ್ನು ನಾನು ನೋಡಿದ್ದೇನೆ. ಕೊನೆಯ ದೃಶ್ಯದಲ್ಲಿ ಮುಕಾದಮ ವಹಿಯನ್ನು ಬಿಚ್ಚಿ, ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿ ಅವಳ ಹೆಸರನ್ನು ಹುಡುಕುತ್ತಾನೆ. ಕ್ಯಾಮೆರಾ ಆ ಪುಟದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಪುಟದಲ್ಲಿ ಗೆರೆ ಎಳೆದದ್ದು ಅವಳ ಹೆಸರಿಗೆ ಮಾತ್ರವಲ್ಲ. ಮೇಲೆಯೂ ಕೆಳಗೆಯೂ ಬೇರೆ ಹೆಸರುಗಳ ಮೇಲೆ ಅದೇ ಕೆಂಪು ಗೆರೆ ಇದೆ, ಒಂದರ ಮುಂದೆ ಹೆಬ್ಬೆರಳಿನ ಗುರುತೂ ಇದೆ. ಅವರು ಯಾರು? ಅವರ ಲೆಕ್ಕವನ್ನು ಯಾರು ಮುಗಿಸಿದರು? ಜನ "ಎರಡನೇ ಪಾರ್ಟ್" ಎಂದು ಕೇಳುವಾಗ ಅವರಲ್ಲಿ ಕೆಲವರಾದರೂ ಆ ಪುಟವನ್ನು ಕಂಡಿರಬೇಕು ಎಂದು ನನ್ನ ಊಹೆ.

ಇಳಕಲ್ ದಡಿ

ನನಗೆ ಇಷ್ಟು ಉದ್ದದ ವಾದ ತಿಳಿಯದು. ಅನಂತ ನಾಗ್ ಮತ್ತು ಲಕ್ಷ್ಮಿ ಅಭಿನಯದ 'ನಾ ನಿನ್ನ ಬಿಡಲಾರೆ' ಬಂದದ್ದು 1979ರಲ್ಲಿ. ನಮ್ಮ ಮನೆಯಲ್ಲಿ ಅದು ಟಿವಿಯಲ್ಲಿ ಬಂದರೆ ಇಂದಿಗೂ ಅವ್ವ ದೀಪ ಆರಿಸಲು ಬಿಡುವುದಿಲ್ಲ. ಅದಕ್ಕೆ ಎರಡನೆಯ ಭಾಗ ಬೇಕೆಂದು ಯಾರಿಗೂ ಅನಿಸಲಿಲ್ಲ. 2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ಕೂಡ ಯಾವುದರ ಮುಂದುವರಿಕೆಯೂ ಆಗಿರಲಿಲ್ಲ. ದೆವ್ವ ಮೈಮೇಲೆ ಬಂದಿದೆ ಎಂಬ ಒಂದು ಸುಳ್ಳನ್ನು ಇಡೀ ಊರು ನಂಬುವ ಹೊಸ ಕಥೆಯನ್ನು, ಹೊಸ ಮುಖಗಳನ್ನು ನೋಡಲು ನಮ್ಮ ಕಡೆಯ ಜನರೂ ಕರಾವಳಿಯ ಕನ್ನಡವನ್ನು ಕಿವಿಗೊಟ್ಟು ಕೇಳುತ್ತ ಕುಳಿತರು. ಹೊಸ ದೆವ್ವ ಮಾಡಿ, ಹೊಸ ಹೆಸರಿಡಿ. ವ್ಯಾಪಾರಸ್ಥರು ಒಪ್ಪದಿದ್ದರೆ ಬಿಡಿ. ಹಣ ಹಾಕುವವರು ದೆವ್ವವನ್ನೂ ತಾವೇ ಆರಿಸುತ್ತೇವೆ ಎಂದರೆ ನಾಳೆ ಅವರ ಅಂಗಡಿಯ ಹೆಸರನ್ನೂ ದೆವ್ವದ ಬಾಯಿಂದ ಹೇಳಿಸುತ್ತಾರೆ.

ಘಟಪ್ರಭಾ ದಂಡೆ, ಮುಧೋಳ

ಎಲ್ಲರಿಗೂ ಧನ್ಯವಾದಗಳು. ಮಲಪ್ರಭಾ ಅಕ್ಕಾವರ ಮಾತನ್ನು ಓದಿದ ಮೇಲೆ ನಾವೆಲ್ಲ ಕುಳಿತು ಆ ಪುಟವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಆ ವಹಿಯನ್ನು ನಮ್ಮ ಗೆಳೆಯನೊಬ್ಬ ಒಂದೇ ರಾತ್ರಿಯಲ್ಲಿ ತುಂಬಿದ್ದ. ಪುಟ ನಿಜವಾದ ವಹಿಯ ಹಾಗೆ ಕಾಣಲಿ ಎಂದು ಅಲ್ಲಲ್ಲಿ ಗೆರೆ ಎಳೆದು, ತನ್ನದೇ ಹೆಬ್ಬೆರಳನ್ನು ಒತ್ತಿದ್ದನಂತೆ. ಹೆಸರುಗಳು ಯಾವುವು ಎಂದು ಕೇಳಿದರೆ, ಬಾಯಿಗೆ ಬಂದದ್ದನ್ನು ಬರೆದೆ ಎನ್ನುತ್ತಾನೆ. ಆದರೂ ಈಗ ಅವು ಚಿತ್ರದಲ್ಲಿವೆ, ಇಲ್ಲ ಎನ್ನುವಂತಿಲ್ಲ.

ಹಾಗಾದರೆ ಎರಡನೆಯ ಭಾಗದಲ್ಲಿ ಗೆರೆ ಎಳೆದ ಆ ಉಳಿದವರೆಲ್ಲ ಒಬ್ಬೊಬ್ಬರಾಗಿ ಬಂದು ಗಾಣದ ಮುಂದೆ ನಿಂತರೆ ಹೇಗೆ? ಮುಕಾದಮ ಅವನೇ, ಗಾಣದಮನೆ ಅದೇ. ವ್ಯಾಪಾರಸ್ಥರ ಷರತ್ತನ್ನು ಅರ್ಧದಷ್ಟಾದರೂ ಪಾಲಿಸಿದಂತೆ ಆಗುತ್ತದೆ, ಸೊಲ್ಲಾಪುರದ ಗೆಳತಿಗೂ ತೊಂದರೆಯಾಗುವುದಿಲ್ಲ.

ಹಳೆಯ ಆಪರೇಟರ್, ವಿಜಯಪುರ

ಬೇಡ ತಮ್ಮಾ. ಕತ್ತಲಲ್ಲಿ ಒಬ್ಬಳು ನಿಂತರೆ ಅಂಜಿಕೆ. ನಾಲ್ಕು ಮಂದಿ ನಿಂತರೆ ಅದು ಪಗಾರ ಕೇಳಲು ಬಂದ ಗ್ಯಾಂಗು. ಮುಂದಿನ ಭಾಗದಲ್ಲಿ ದೆವ್ವಗಳ ಸಂಖ್ಯೆಯನ್ನು ಹೆಚ್ಚಿಸುವುದು ಎಲ್ಲರೂ ಹಿಡಿಯುವ ದಾರಿ. ಸಂಖ್ಯೆ ಹೆಚ್ಚಿದಂತೆ ಜನ ಎಣಿಸತೊಡಗುತ್ತಾರೆ, ಎಣಿಸುವವನಿಗೆ ಹೆದರಿಕೆ ಆಗುವುದಿಲ್ಲ.

ನಮ್ಮ ಊರ ಹೊರಗಿನ ಸಾಠ್ ಕಬರಿಗೆ ಒಮ್ಮೆ ಬಂದು ಹೋಗಿ. ಅಫ್ಜಲ್ ಖಾನ್ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುನ್ನ, ತಾನು ಮರಳಿ ಬರುವುದಿಲ್ಲ ಎಂಬ ಜ್ಯೋತಿಷಿಯ ಮಾತನ್ನು ಕೇಳಿ ತನ್ನ ಪತ್ನಿಯರನ್ನೆಲ್ಲ ಕೊಂದನೆಂದು ಜನ ಹೇಳುವ ಜಾಗ ಅದು. ಹೆಸರಿಗೆ ಅರವತ್ತು, ಹೇಳಿಕೆಯಲ್ಲಿ ಅರವತ್ತಮೂರು. ಒಂದೇ ಅಳತೆಯ ಕರಿಕಲ್ಲಿನ ಗೋರಿಗಳು ಸಾಲಾಗಿ ಇವೆ. ಆ ಸಾಲನ್ನು ನೋಡಿದರೆ ದುಃಖವಾಗುತ್ತದೆ, ಅಂಜಿಕೆಯಾಗುವುದಿಲ್ಲ. ಬಂದವರೆಲ್ಲ ಕೇಳುವುದು, ಓಡಿ ತಪ್ಪಿಸಿಕೊಳ್ಳಲು ನೋಡಿದಳು ಎನ್ನುವ ಒಬ್ಬಳ ಬಗ್ಗೆ. ಆ ಕಥೆಯ ಎರಡನೆಯ ಭಾಗ 1659ರಲ್ಲಿ ಪ್ರತಾಪಗಡದ ಬುಡದಲ್ಲಿ ನಡೆದುಹೋಯಿತು, ಖಾನ್ ಮರಳಿ ಬರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಮಲಪ್ರಭಾ, ಬಾದಾಮಿ

ಕಾಕಾ ಅವರ ಆಕ್ಷೇಪ ನ್ಯಾಯವಾದದ್ದು. ಆದರೆ ಅವರು ಹಾಸ್ಯಕ್ಕಾಗಿ ಹೇಳಿದ ಮಾತಿನಲ್ಲಿಯೇ ನಿಮ್ಮ ಕಥೆ ಇದೆ ಎಂದು ನನಗೆ ತೋರುತ್ತದೆ. ಪಗಾರ ಕೇಳಲು ಗ್ಯಾಂಗೇ ಬರಲಿ, ಅಂದರೆ ಬದುಕಿರುವವರೇ ಬರಲಿ. ಗೆರೆ ಎಳೆದ ಹೆಸರಿನವರೆಲ್ಲ ಸತ್ತಿದ್ದಾರೆ ಎಂದು ಯಾರು ಹೇಳಿದರು? ಕೆಲವರು ಕಾಲು ಮುರಿದುಕೊಂಡು ಊರಿಗೆ ಮರಳಿರಬಹುದು, ಬಸುರಿಯೊಬ್ಬಳು ಕೆಲಸ ಬಿಟ್ಟು ಹೋಗಿರಬಹುದು. ಮೊದಲ ಚಿತ್ರದಲ್ಲಿ ದೆವ್ವವನ್ನು ಕಂಡ ಮುಕಾದಮನ ಸ್ಥಿತಿಯನ್ನು ಊಹಿಸಿ. ಒಮ್ಮೆ ಸತ್ತವಳಿಗೆ ಲೆಕ್ಕ ಕೊಟ್ಟವನು ಅವನು. ಈ ವರ್ಷ ರಾತ್ರಿ ಒಲೆಯ ಬೆಳಕಿನ ಅಂಚಿನಲ್ಲಿ ಯಾರೇ ಬಂದು ನಿಂತರೂ, ಅವರು ಬದುಕಿದವರೋ ಸತ್ತವರೋ ಎಂಬುದು ಅವನಿಗೆ ತಿಳಿಯುವುದಿಲ್ಲ. ಹತ್ತಿರ ಹೋಗಿ ನೋಡುವ ಧೈರ್ಯವೂ ಅವನಿಗಿಲ್ಲ. ಒಬ್ಬರು ಬಂದರೆ ಸಾಕು. ಅವನು ಕೊಡುತ್ತಾನೋ, ಓಡುತ್ತಾನೋ, ಕೈಗೆ ಸಿಕ್ಕ ಕುಡಗೋಲನ್ನು ಬೀಸುತ್ತಾನೋ ಎಂಬುದನ್ನು ನೋಡಲು ಜನ ಕುಳಿತಿರುತ್ತಾರೆ. ಬೀಸಿದನೆಂದರೆ ನಿಮ್ಮ ಊರಿನಲ್ಲಿ ನಿಜವಾಗಿಯೇ ಹೊಸ ದೂರೊಂದು ಹುಟ್ಟಿದಂತಾಯಿತು.

ಇದಕ್ಕೆ ಹೆಸರಿನ ಪಕ್ಕದಲ್ಲಿ 2 ಎಂದು ಹಾಕಿದರೂ ಸರಿ, ಹಾಕದಿದ್ದರೂ ಸರಿ. ಮೊದಲನೆಯದನ್ನು ನೋಡದವರಿಗೂ ಇದು ಅರ್ಥವಾಗುತ್ತದೆ, ನೋಡಿದವರಿಗೆ ಮುಕಾದಮನ ಅಂಜಿಕೆಯ ಕಾರಣ ಗೊತ್ತಿರುತ್ತದೆ. ಮೊದಲನೆಯ ಚಿತ್ರದ ಕೊನೆಯ ದೃಶ್ಯವನ್ನು ನೀವು ಮುಟ್ಟುವುದೂ ಇಲ್ಲ. ಅವಳನ್ನು ಮಾತ್ರ ಮತ್ತೆ ತರಬೇಡಿ.

ಟಿಳಕವಾಡಿ ಪ್ರೇಕ್ಷಕ, ಬೆಳಗಾವಿ

ಅಕ್ಕಾವರ ಸಲಹೆಗೆ ನನ್ನ ಒಪ್ಪಿಗೆಯಿದೆ. ಒಂದೇ ಒಂದು ಎಚ್ಚರಿಕೆ: ಬಂದು ನಿಂತವರು ಬದುಕಿರುವವರು ಎಂಬುದನ್ನು ಪ್ರೇಕ್ಷಕರಿಗೆ ಎಲ್ಲಿ ತಿಳಿಸುತ್ತೀರಿ ಎಂಬುದನ್ನು ಬರೆಯುವಾಗಲೇ ಗಟ್ಟಿ ಮಾಡಿಕೊಳ್ಳಿ, ಸಂಕಲನದ ಮೇಜಿನ ಮೇಲೆ ನೋಡೋಣ ಎಂದು ಬಿಡಬೇಡಿ. ಬಹಳ ಬೇಗ ತಿಳಿಸಿದರೆ ಅದು ಕೂಲಿ ಜಗಳದ ಚಿತ್ರವಾಗುತ್ತದೆ. ತಿಳಿಸದೇ ಬಿಟ್ಟರೆ ಜನ ಮೋಸಹೋದೆವೆಂದು ಸಿಟ್ಟಾಗುತ್ತಾರೆ.

ಹಳೆಯ ಆಪರೇಟರ್, ವಿಜಯಪುರ

ಇದಾದರೆ ಆಗಬಹುದು. ಹಾಗೆ ಮಾಡುವುದಾದರೆ ತಡ ಮಾಡಬೇಡಿ. ಯುಗಾದಿಯ ಹೊತ್ತಿಗೆ ಗ್ಯಾಂಗುಗಳು ಗುಡಿಸಲು ಕಿತ್ತು ಹೊರಟುಬಿಡುತ್ತವೆ, ಆಮೇಲೆ ಖಾಲಿ ಹೊಲದಲ್ಲಿ ಕಬ್ಬನ್ನು ಎಲ್ಲಿಂದ ತರುತ್ತೀರಿ? ಗಾಣ ನಡೆಯುತ್ತಿರುವಾಗಲೇ ಒಂದು ರಾತ್ರಿ ಕುಳಿತು ಬರೀ ಶಬ್ದವನ್ನು ಮುದ್ರಿಸಿಕೊಳ್ಳಿ: ಕೊಪ್ಪರಿಗೆಯ ಕುದಿತ, ರವದಿ ಸಿಡಿಯುವುದು, ದೂರದ ಟ್ರ್ಯಾಕ್ಟರಿನ ಹಾಡು. ಮೊದಲ ಚಿತ್ರದಲ್ಲಿ ಆ ಜಾಗಕ್ಕೆಲ್ಲ ನೀವು ಪೇಟೆಯಲ್ಲಿ ಸಿಗುವ ಸಿದ್ಧ ಸಂಗೀತವನ್ನು ತುಂಬಿದ್ದಿರಿ. ವ್ಯಾಪಾರಸ್ಥರ ಹತ್ತಿರ ಹೋಗುವಾಗ ಕಥೆಯನ್ನು ಪೂರ್ತಿ ಹೇಳಬೇಡಿ. ಮುಕಾದಮನೂ ವಹಿಯೂ ಮತ್ತೆ ಬರುತ್ತವೆ ಎಂದಷ್ಟೇ ಹೇಳಿ, ಮುಂಗಡವಾಗಿ ಎಷ್ಟು ಕೊಡುತ್ತಾರೆ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.